ನೂಲಿನ ಮೇಲೆ ಬೀಳದ ಹಲ್ಲು

ನಡೆಯಲು ಕಲಿತ ಮಗು ನಡೆಯುವುದಿಲ್ಲ, ಓಡುತ್ತದೆ. ಓಡುವ ಮಗು ಬೀಳುತ್ತದೆ. ಬಿದ್ದಾಗ ಕೈ ಊರುವುದು ಅದಕ್ಕೆ ಇನ್ನೂ ತಿಳಿಯದು, ಮುಖವನ್ನೇ ಊರುತ್ತದೆ. ಮುಖದಲ್ಲಿ ಎಲ್ಲಕ್ಕಿಂತ ಮುಂದಿರುವುದು ಮೇಲಿನ ಎರಡು ಹಾಲುಹಲ್ಲು. ಇದು ಎಲ್ಲ ಊರಿನಲ್ಲಿಯೂ ಆಗುತ್ತದೆ. ಹೊಳೆಯ ದಂಡೆಯ ಬಾನ್ ನಾಕೆಂಗ್‌ನಲ್ಲಿಯೂ ಆಯಿತು.

ಬಾನ್ ನಾಕೆಂಗ್ ನೇಯುವವರ ಊರು. ಮನೆಗಳು ಕಂಬಗಳ ಮೇಲೆ ನಿಂತಿವೆ. ಮೇಲೆ ಜನ, ಕೆಳಗೆ ಮಗ್ಗ, ಮಗ್ಗದ ಸುತ್ತ ಕೋಳಿ. ಮೇಲಿನ ನೆಲ ಸೀಳುಬಿದಿರಿನದು. ಊಟದ ಹೊತ್ತಿಗೆ ಅಂಟಕ್ಕಿಯ ಅನ್ನದ ಅಗುಳು ಸಂದಿಯಲ್ಲಿ ಉದುರಿದರೆ ಕೋಳಿಗಳಿಗೂ ಊಟವಾದ ಹಾಗೆ.

ಆ ಬೆಳಿಗ್ಗೆ ಸೆಂಗ್‌ದಾವ್ ಕೆಳಗೆ ಮಗ್ಗದಲ್ಲಿ ಕೂತಿದ್ದಳು. ಬಿಳಿ ರೇಷ್ಮೆಯ ಹಾಸು, ಅಂದರೆ ಒತ್ತಾಗಿ ಕಟ್ಟಿದ ಉದ್ದೆಳೆಗಳ ಸಾಲು, ಮಂಚದಷ್ಟು ಉದ್ದಕ್ಕೆ ಬಿಗಿದು ನಿಂತಿತ್ತು. ಮೇಲೆ ಅವಳ ತಾಯಿ ಥೊಂಗ್ವಾನಜ್ಜಿ ಮೆಣಸಿನಕಾಯಿ ಕುಟ್ಟುತ್ತ, ಎರಡು ವರ್ಷದ ಮೊಮ್ಮಗಳು ಮೋನ್‌ಳನ್ನು ನೋಡಿಕೊಳ್ಳುತ್ತಿದ್ದಳು. ಪುಟ್ಟ ಹೆಜ್ಜೆಗಳು ತಲೆಯ ಮೇಲೆ ಓಡಾಡುವ ಸದ್ದು ಸೆಂಗ್‌ದಾವ್‌ಗೆ ಕೇಳುತ್ತಿತ್ತು. ಆ ಸದ್ದು ಅಡುಗೆಮನೆಯ ಹೊಸಿಲಿನ ಹತ್ತಿರ ಬಂದು, ದೊಪ್ಪೆಂದು ನಿಂತುಹೋಯಿತು. ಆಮೇಲೆ ಅಳು.

ಸೆಂಗ್‌ದಾವ್ ಕೈಯಿಂದ ಲಾಳಿ ಇಡುವ ಮೊದಲೇ, ಅವಳ ಕಣ್ಣೆದುರಿನ ಬಿಳಿ ಹಾಸಿನ ಮೇಲೆ ಒಂದು ಕೆಂಪು ಹನಿ ಬಿತ್ತು. ಪಕ್ಕದಲ್ಲಿ ಇನ್ನೊಂದು ಬಿತ್ತು.

ಅವಳು ಏಣಿ ಹತ್ತಿ ಮೇಲೆ ಹೋದಳು. ಮಗು ಅಜ್ಜಿಯ ತೊಡೆಯ ಮೇಲೆ ಅಳುತ್ತಿತ್ತು. ಬಾಯಿಯೆಲ್ಲ ರಕ್ತ. ಮೇಲ್ದುಟಿ ಊದುತ್ತಿತ್ತು. ಸೆಂಗ್‌ದಾವ್ ತಣ್ಣೀರಿನಲ್ಲಿ ಬಾಯಿ ತೊಳೆದಳು, ಒಗೆದ ಬಟ್ಟೆಯೊಂದನ್ನು ಒದ್ದೆ ಮಾಡಿ ಗಾಯದ ಮೇಲೆ ಒತ್ತಿ ಹಿಡಿದಳು. ರಕ್ತ ಸ್ವಲ್ಪ ಹೊತ್ತಿನಲ್ಲಿ ನಿಂತಿತು. ನಿಂತ ಮೇಲೆ ತುಟಿ ಎತ್ತಿ ನೋಡಿದಳು. ಎಡಗಡೆಯ ಮುಂದಿನ ಹಲ್ಲು ಇತ್ತು, ಮುಟ್ಟಿದರೆ ಅಲ್ಲಾಡುತ್ತಿತ್ತು. ಬಲಗಡೆಯದು ಇರಲಿಲ್ಲ.

“ಹಲ್ಲೆಲ್ಲಿ ಅಮ್ಮಾ?” ಎಂದಳು.

“ಹೋಯ್ತಲ್ಲ. ಸಂದೀಲಿ ಕೆಳಗೆ ಬಿತ್ತು.”

“ಬಿದ್ದದ್ದು ನೋಡಿದ್ಯಾ?”

“ನೋಡೋದೇನು ಬಂತು. ಮೇಲಿನ ಹಲ್ಲು ಮನೆ ಕೆಳಗೆ ಹೋಗ್ಬೇಕು, ಕೆಳಗಿನ ಹಲ್ಲು ಮಾಡಿನ ಮೇಲೆ ಹೋಗ್ಬೇಕು. ನಾವು ಎಸೀಬೇಕಾಗಿತ್ತು, ಅದೇ ದಾರಿ ನೋಡ್ಕೊಂಡು ಹೋಯ್ತು. ಒಳ್ಳೇ ಲಕ್ಷಣನೇ.”

ಹೊಸ ಹಲ್ಲು ಹಳೆಯ ಹಲ್ಲು ಹೋದ ದಿಕ್ಕನ್ನೇ ನೋಡಿಕೊಂಡು ಬೆಳೆಯುತ್ತದೆ ಎಂಬುದು ಅಲ್ಲಿನ ನಂಬಿಕೆ. ಅದಕ್ಕೇ ಮೇಲಿನದನ್ನು ಕೆಳಗೆ ಎಸೆಯುತ್ತಾರೆ, ಕೆಳಗಿನದನ್ನು ಮೇಲೆ. ಊರಿನ ಒಂದೊಂದು ಮನೆಯ ಕೆಳಗೂ ಎಷ್ಟೋ ತಲೆಮಾರಿನ ಹಲ್ಲು ಮಣ್ಣಾಗಿವೆ. ಥೊಂಗ್ವಾನಜ್ಜಿಯ ಮಾತಿನಲ್ಲಿ ಅನುಮಾನಪಡುವಂಥದ್ದು ಯಾರಿಗೂ ಕಾಣುವಂತಿರಲಿಲ್ಲ.

ಅಜ್ಜಿ ತನ್ನ ದವಡೆಯಲ್ಲಿದ್ದ ಎಲೆಅಡಿಕೆಯನ್ನು ಬೆರಳಿಗೆ ತೆಗೆದುಕೊಂಡು ಮಗುವಿನ ವಸಡಿಗೆ ಒತ್ತಲು ಹೋದಳು. ಸೆಂಗ್‌ದಾವ್ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು.

“ಸುಣ್ಣ ಉರಿಯುತ್ತೆ ಅಮ್ಮ.”

“ನಿನಗೆ ಹಚ್ಚಿದಾಗ ಉರೀಲಿಲ್ಲ.”

“ಉರಿದಿತ್ತು. ನಾನು ಅತ್ತಿದ್ದು ನೀನು ಮರೆತಿದ್ದೀಯ.”

ಮಧ್ಯಾಹ್ನ, ಹೊಳೆ ದಾಟಿಸುವ ದೋಣಿಯನ್ನು ದಡಕ್ಕೆ ಕಟ್ಟಿ ಊಟಕ್ಕೆ ಬಂದ ಮಗುವಿನ ಅಪ್ಪ ಖಾಮ್‌ಫಾನ್, ಮಗಳ ಊದಿದ ತುಟಿ ನೋಡಿ ಕೆಳಗೆ ಕೂತ. ಎಲ್ಲ ಕೇಳಿದ ಮೇಲೆ, “ಹಾಲುಹಲ್ಲು ತಾನೆ. ಇವತ್ತಲ್ಲ ನಾಳೆ ಬೀಳೋದೇ” ಎಂದ.

“ನೋಡು, ನಿನ್ನ ಗಂಡನಿಗಿರೋ ಬುದ್ಧಿ ನಿನಗಿಲ್ಲ” ಎಂದಳು ಅಜ್ಜಿ.

“ಅತ್ತೆ ಹೊಗಳಿದ್ರು” ಎಂದ ಖಾಮ್‌ಫಾನ್. “ಇವತ್ತು ಮಳೆ ಬರುತ್ತೆ.”

ಸೆಂಗ್‌ದಾವ್ ನಗಲಿಲ್ಲ. ಹಾಸಿನ ಮೇಲಿನ ಎರಡು ಹನಿ ಅವಳ ಮನಸ್ಸಿನಿಂದ ಹೋಗಿರಲಿಲ್ಲ. ಏನೋ ಒಂದು ಸರಿಹೊಂದುತ್ತಿಲ್ಲ ಎನಿಸುತ್ತಿತ್ತು. ಅದು ಏನೆಂದು ಅವಳಿಗೇ ಹೇಳಲು ಬರುತ್ತಿರಲಿಲ್ಲ.

ಸಂಜೆ ಜೀವಕಳೆ ಕರೆಯುವ ಶಾಸ್ತ್ರ. ಮಗು ಬಿದ್ದರೆ, ಬೆದರಿದರೆ, ಅದರ ಜೀವಕಳೆ ಬಿದ್ದ ಜಾಗದಲ್ಲೇ ಉಳಿದುಬಿಡುತ್ತದೆ. ಅದನ್ನು ಕರೆದು ತರಬೇಕು. ಕರೆಯುವುದು ಮೀನು ಗೋರುವ ಕೈಬಲೆಯಿಂದ. ಥೊಂಗ್ವಾನಜ್ಜಿ ಬಲೆಯೊಳಗೆ ಮಗುವಿನ ಅಂಗಿ, ಒಂದು ಬಾಳೆಹಣ್ಣು, ಒಂದು ಅನ್ನದ ಉಂಡೆ, ಬೇಯಿಸಿದ ಮೊಟ್ಟೆ ಇಟ್ಟಳು. ಹೊಸಿಲಿನ ಹತ್ತಿರ ನಿಂತು, ನೀರಿನಲ್ಲಿ ಗೋರಿದ ಹಾಗೆ ಗಾಳಿಯಲ್ಲಿ ಬಲೆಯನ್ನು ಮೆಲ್ಲಗೆ ಆಡಿಸಿದಳು. ನೆರೆಯ ಹೆಂಗಸರು ಸುತ್ತ ಕೂತು ಕೈಮುಗಿದರು. ಅಜ್ಜಿಯ ದನಿ ಸಣ್ಣದು, ಆದರೆ ಒಂದಕ್ಷರವೂ ಜಾರುವುದಿಲ್ಲ.

“ಹೊಸಿಲಲ್ಲಿ ನಿಂತ ಕಳೆಯೇ ಬಾ,
ಕತ್ತಲೆಗೆ ಹೆದರಿದ ಕಳೆಯೇ ಬಾ,
ಒಲೆಯ ಅನ್ನ ಆರುವ ಮುಂಚೆ ಬಾ,
ಮರದ ಹಕ್ಕಿ ಮಲಗುವ ಮುಂಚೆ ಬಾ,
ಹೊರಗೆ ನಿನಗೆ ಯಾರಿದ್ದಾರೆ,
ಅಮ್ಮನ ಮಡಿಲು ಬೆಚ್ಚಗಿದೆ, ಬಾ.”

ಮೂರು ಸಲ ಗೋರಿ, ಬಲೆಯ ಬಾಯಿ ಮುಚ್ಚಿ ಮಗುವಿನ ತಲೆಗೆ ತಾಗಿಸಿದಳು. ಎಲ್ಲರೂ ಒಬ್ಬೊಬ್ಬರಾಗಿ ಮೋನ್‌ಳ ಮಣಿಕಟ್ಟಿಗೆ ಬಿಳಿದಾರ ಕಟ್ಟಿದರು. ಕೊನೆಗೆ ಅಜ್ಜಿ ಮೊಟ್ಟೆ ಸುಲಿದು ಮೊಮ್ಮಗಳ ಕೈಗೆ ಕೊಟ್ಟಳು. ಕಳೆ ಬಂದ ಮಗು ಆ ಮೊಟ್ಟೆ ತಿನ್ನಬೇಕು.

ಮೋನ್ ಮೊಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು. ಒತ್ತಿಕೊಂಡ ಕೂಡಲೇ ಕಿರುಚಿ ಎಸೆದಳು.

ಮೊಟ್ಟೆಗಾಗಿ ಕೋಳಿಗೂಡಿಗೆ ಕೈ ಹಾಕುವ ಮಗು ಅದು.

“ಕಳೆ ಇನ್ನೂ ಬಂದಿಲ್ಲ” ಎಂದಳು ಥೊಂಗ್ವಾನಜ್ಜಿ. ಬಿದ್ದ ಮೊಟ್ಟೆಯನ್ನು ಎತ್ತಿ ಬಲೆಯೊಳಗಿಟ್ಟಳು. “ನಾಳೆ ಮತ್ತೆ ಕರೀತೀನಿ.”

ದಾರ ಕಟ್ಟಲು ಬಂದವರಲ್ಲಿ ಬುವಾಲೊಯ್ ಇದ್ದಳು. ಅವಳೂ ನೇಯುವವಳೇ. ಊರಿನ ಆರೋಗ್ಯ ಕಾರ್ಯಕರ್ತೆಯೂ ಹೌದು. ಲಸಿಕೆಯ ದಿನ ಬಂದರೆ ಮನೆಮನೆಯ ಏಣಿಯ ಕೆಳಗೆ ನಿಂತು ಕೂಗುವವಳು. ಅವಳು ಮಗುವಿನ ಮುಂದೆ ಕೂತು, “ಆ ಅನ್ನು ಮರಿ” ಎಂದು ತಾನೂ ಬಾಯಿ ತೆರೆದು, ಮೊಬೈಲಿನ ಬೆಳಕು ಬಿಟ್ಟು ನೋಡಿದಳು.

“ದೊಡ್ಡಮ್ಮ, ವಸಡು ಇಲ್ಲಿ ಉಬ್ಬಿದೆ ನೋಡು.”

“ಬಿದ್ದ ಗಾಯ ಊದದೆ ಇರುತ್ತಾ?”

“ಬಿದ್ದ ಹಲ್ಲು ಎಲ್ಲಿಟ್ಟಿದ್ದೀರಿ?”

“ಮನೆ ಕೆಳಗೆ ಹೋಯ್ತು ಅಂತ ಇವಳಿಗೆ ಆಗಲೇ ಹೇಳ್ದೆ. ನಿನಗೂ ಹೇಳ್ಬೇಕಾ?”

ಆಗ ಸೆಂಗ್‌ದಾವ್ ಬಾಯಿ ಬಿಟ್ಟಳು. ಬೆಳಿಗ್ಗೆಯಿಂದ ಒಳಗೆ ತೊಡರಿಕೊಂಡಿದ್ದ ಎಳೆ ಅವಳ ಕೈಗೆ ಸಿಕ್ಕಿತ್ತು.

“ನಾನು ಸರಿಯಾಗಿ ಕೆಳಗೇ ಕೂತಿದ್ದೆ ಅಮ್ಮ. ರಕ್ತ ನನ್ನ ಹಾಸಿನ ಮೇಲೆ ಬಿತ್ತು. ಹಲ್ಲು ಬೀಳಲಿಲ್ಲ.”

“ನೂಲಿನ ಸಂದೀಲಿ ಜಾರಿರುತ್ತೆ.”

“ನನ್ನ ಹಾಸಿನ ಸಂದೀಲಿ ಎಳ್ಳೂ ಜಾರಲ್ಲ. ನೇಯೋದು ಕಲಿಸಿದವಳು ನೀನೇ.”

ಎಲ್ಲರೂ ಕೆಳಗೆ ಇಳಿದರು. ಇನ್ನೂ ಬೆಳಕಿತ್ತು. ಬಿಳಿ ಹಾಸಿನ ನಟ್ಟನಡುವೆ ಎರಡು ಕಲೆ ಒಣಗಿ ಕಂದಾಗಿದ್ದವು. ಖಾಮ್‌ಫಾನ್ ಮಾತ್ರ ಒಂದು ಹಿಡಿ ಜೋಳದ ಕಾಳು ಹಿಡಿದು ಮೇಲೆಯೇ ಉಳಿದಿದ್ದ. ಹೊಸಿಲಿನ ಹತ್ತಿರದ ಸಂದಿಯಿಂದ ಒಂದು ಕಾಳು ಬಿಟ್ಟ. ಅದು ಹಾಸಿನ ಮೇಲೆ ಬಿದ್ದು, ಎರಡು ಸಲ ಪುಟಿದು, ಕಲೆಯ ಪಕ್ಕದಲ್ಲೇ ನಿಂತಿತು.

“ಇನ್ನೊಂದು ಹಾಕು” ಎಂದಳು ಅಜ್ಜಿ.

ಇನ್ನೊಂದೂ ನಿಂತಿತು. ಮೂರನೆಯದೂ ನಿಂತಿತು.

“ಹಾಗಾದ್ರೆ ಕೋಳಿ ಹತ್ತಿ ತಿಂದಿರುತ್ತೆ.”

ಸೆಂಗ್‌ದಾವ್ ಹಾಸಿನ ಮೇಲೆ ಅಂಗೈ ಸವರಿದಳು. “ಕೋಳಿ ಹತ್ತಿದ್ರೆ ಕಾಲುಗುರಿಗೆ ಎಳೆ ಕಿತ್ತುಬರ್ತಿತ್ತು. ಒಂದು ಎಳೆ ತುಂಡಾಗಿದ್ದರೆ ತೋರಿಸು.”

ಥೊಂಗ್ವಾನಜ್ಜಿ ಬಗ್ಗಿ ನೋಡಿದಳು. ಐವತ್ತು ವರ್ಷ ರೇಷ್ಮೆ ನೋಡಿದ ಕಣ್ಣು. ಹಾಸಿನ ಈ ಅಂಚಿನಿಂದ ಆ ಅಂಚಿನ ತನಕ ಬೆರಳಾಡಿಸಿದಳು. ಎಳೆಯೊಂದೂ ತುಂಡಾಗಿರಲಿಲ್ಲ. ಅವಳು ಮಗ್ಗದ ಹಲಗೆಯ ಮೇಲೆ ಕೂತಳು.

“ಮತ್ತೆ ಹಲ್ಲು ಎಲ್ಲಿ ಹೋಯ್ತು?”

“ಅದನ್ನೇ ನಾನು ಕೇಳಿದ್ದು ದೊಡ್ಡಮ್ಮ” ಎಂದಳು ಬುವಾಲೊಯ್. “ನನಗೆ ಹಲ್ಲಿನ ವಿಷಯ ಬಹಳ ಗೊತ್ತಿಲ್ಲ. ತರಬೇತೀಲಿ ಒಂದು ಮಾತು ಹೇಳಿದ್ರು. ಬಿದ್ದ ಹಲ್ಲು ಕೈಗೆ ಸಿಗಲಿಲ್ಲ ಅಂದ್ರೆ ಮಗು ಹತ್ರಾನೇ ಹುಡುಕಿ ಅಂದ್ರು. ನುಂಗಿದ್ರೆ ಹೊಟ್ಟೆಗೆ ಹೋಗಿರುತ್ತೆ, ಸಾಮಾನ್ಯವಾಗಿ ತಾನಾಗೇ ಆಚೆ ಹೋಗುತ್ತೆ. ಉಸಿರಿನ ದಾರಿಗೆ ಹೋಗಿದ್ರೆ ಕೆಮ್ಮು ಬರುತ್ತೆ, ಎದೆ ಗೊರಗುಟ್ಟುತ್ತೆ. ಆಗ ಒಂದು ಗಳಿಗೇನೂ ಕಾಯೋ ಹಾಗಿಲ್ಲ. ಇಲ್ಲಾ, ಪೆಟ್ಟಿಗೆ ಮೇಲಕ್ಕೆ ನುಗ್ಗಿ ವಸಡಿನೊಳಗೇ ಹೂತಿರುತ್ತೆ.”

ಥೊಂಗ್ವಾನಜ್ಜಿ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡು, ಅಂಗಿ ಸರಿಸಿ, ಅದರ ಎದೆಗೆ ಕಿವಿ ಇಟ್ಟಳು. ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದಳು. ಬೌದ್ಧ ವಿಹಾರದಲ್ಲಿ ಭಿಕ್ಷುಗಳು ಸೂತ್ರ ಓದುವಾಗ ಅವಳು ಹಾಗೆ ಕೂರುತ್ತಾಳೆ.

“ಗೊರಗೊರ ಇಲ್ಲ” ಎಂದಳು.

“ಬೆಳಿಗ್ಗೆಯಿಂದ ಕೆಮ್ಮಿದ್ಲಾ? ವಾಂತಿ ಏನಾದ್ರೂ? ಮಂಕಾಗಿ ಮಲಗೇ ಇದ್ಲಾ?”

“ಇಲ್ಲ. ಬಿದ್ದ ತಕ್ಷಣ ಅತ್ತಳು. ಆಟಾನೂ ಆಡಿದ್ಲು” ಎಂದಳು ಸೆಂಗ್‌ದಾವ್.

ಬುವಾಲೊಯ್ ತಾಲೂಕಿನ ಆಸ್ಪತ್ರೆಗೆ ಫೋನ್ ಮಾಡಿ ಮಾತಾಡಿದಳು. ಮಗುವಿನ ಉಸಿರು ಸರಿಯಾಗಿದ್ದರೆ ಬೆಳಿಗ್ಗೆ ಮೊದಲ ದೋಣಿಗೆ ಕರೆತನ್ನಿ, ಕೆಮ್ಮು, ವಾಂತಿ, ಮಂಪರು ಏನು ಕಂಡರೂ ಈಗಲೇ ಹೊರಟು ಬನ್ನಿ ಎಂದರು. ಅವಳು ಅದನ್ನು ಅಷ್ಟೇ ಮಾತಿನಲ್ಲಿ ಹೇಳಿದಳು.

ಆಗ ಅಜ್ಜಿ ತಲೆ ಎತ್ತಿದಳು.

“ದಾರ ಕಟ್ಟಿದ್ದೀವಿ. ಮೂರು ದಿನ ಹೊಳೆ ದಾಟೋ ಹಾಗಿಲ್ಲ. ಕಳೆ ಈಗಷ್ಟೇ ಮನೆ ಕಡೆ ತಿರುಗಿರುತ್ತೆ. ನೀರು ಕಂಡ್ರೆ ಮತ್ತೆ ತಪ್ಪಿಸ್ಕೊಂಡು ಹೋಗುತ್ತೆ.”

ಆಸ್ಪತ್ರೆ ಇರುವುದು ಹೊಳೆಯ ಆಚೆ. ಬೇರೆ ದಾರಿ ಇಲ್ಲ. ಖಾಮ್‌ಫಾನ್ ಹೆಂಡತಿಯನ್ನು ನೋಡಿದ. ಸೆಂಗ್‌ದಾವ್ ಮಗುವಿನ ಊದಿದ ತುಟಿಯನ್ನು ನೋಡಿದಳು. ಶಾಸ್ತ್ರದ ವಿಷಯದಲ್ಲಿ ತಾಯಿಯ ಮಾತನ್ನು ಅವಳು ಈ ತನಕ ಮೀರಿರಲಿಲ್ಲ. ಮೀರಿದರೆ ಆಮೇಲೆ ಮಗುವಿಗೆ ಬರುವ ಒಂದೊಂದು ಜ್ವರಕ್ಕೂ ತಾನೇ ಉತ್ತರ ಹೇಳಬೇಕು. ಮೀರದಿದ್ದರೆ ಆ ಹಲ್ಲು ಇನ್ನೂ ಮೂರು ದಿನ ಎಲ್ಲಿಯೋ ಇರುತ್ತದೆ.

ಬುವಾಲೊಯ್ ವಾದ ಮಾಡಲಿಲ್ಲ. ಅಜ್ಜಿಯನ್ನು ಕೇಳಿದಳು: “ದೊಡ್ಡಮ್ಮ, ಕಳೆ ಬರೋದು ಯಾರು ಕರೆದಲ್ಲಿಗೆ?”

“ಕರೆದವರು ಎಲ್ಲಿರ್ತಾರೋ ಅಲ್ಲಿಗೆ.”

“ಕರೆದವಳು ನೀನು. ನಾಳೆ ನೀನೂ ದೋಣೀಲಿ ಕೂತ್ರೆ?”

ಥೊಂಗ್ವಾನಜ್ಜಿ ಎದ್ದು ಎಲೆಅಡಿಕೆ ಉಗಿದು ಬಂದಳು.

“ಕೂತ್ರೆ ದಾರಿಯುದ್ದಕ್ಕೂ ಕರೀತಾನೇ ಇರ್ಬೇಕಾಗುತ್ತೆ” ಎಂದಳು. “ಗಂಟಲು ಒಣಗುತ್ತೆ.”

“ನೀರು ತರ್ತೀನಿ” ಎಂದಳು ಸೆಂಗ್‌ದಾವ್.

ಬೆಳಗಿನ ಮಂಜಿನಲ್ಲಿ ಖಾಮ್‌ಫಾನ್‌ನ ದೋಣಿ ಹೊರಟಿತು. ಅಜ್ಜಿ ಮಗುವಿನ ಎದುರು ಕೂತು, ಬಲೆಯನ್ನು ನೀರಿನ ಕಡೆಗೆ ಅಡ್ಡ ಹಿಡಿದು, ಹಾಡನ್ನು ಮೆಲುದನಿಯಲ್ಲಿ ಹೇಳುತ್ತಿದ್ದಳು. ಸಂತೆಗೆ ಹೊರಟಿದ್ದ ಮುದುಕನೊಬ್ಬ ನಕ್ಕ.

“ಏನು ಥೊಂಗ್ವಾನಕ್ಕ, ಒಂದು ಹಾಲುಹಲ್ಲಿಗೆ ಇಷ್ಟು ದೊಡ್ಡ ಮೆರವಣಿಗೆ?”

“ನಿನ್ನ ಬಾಯಲ್ಲಿ ಒಂದೂ ಇಲ್ಲ. ಹಲ್ಲಿನ ಮಾತು ನಿನಗ್ಯಾಕೆ” ಎಂದು ಅಜ್ಜಿ, ನಿಲ್ಲಿಸಿದ ಸಾಲಿನಿಂದಲೇ ಹಾಡು ಮುಂದುವರಿಸಿದಳು.

ಆಸ್ಪತ್ರೆಯ ಹಲ್ಲಿನ ಡಾಕ್ಟರ್ ಮಣಿವನ್ ಎಂಬ ಹೆಂಗಸು. ಬಲೆಯನ್ನು ನೋಡಿದರು, ಅದನ್ನು ಇಡಲು ಕಿಟಕಿಯ ಪಕ್ಕ ಜಾಗ ತೋರಿಸಿದರು. ಸೆಂಗ್‌ದಾವ್‌ಳನ್ನು ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರಿಸಿಕೊಂಡರು. ಮಗುವಿನ ಕಾಲು ತಾಯಿಯ ಸೊಂಟದ ಕಡೆ, ತಲೆ ಡಾಕ್ಟರ ತೊಡೆಯ ಮೇಲೆ. ಅಳುವ ಮಗುವಿನ ಬಾಯಿ ತಾನಾಗಿಯೇ ತೆರೆದಿರುತ್ತದೆ, ನೋಡುವುದಕ್ಕೆ ಅದೇ ಅನುಕೂಲ ಎಂದರು. ಆಮೇಲೆ ಎಕ್ಸ್‌ರೇ ತೆಗೆಸಿದರು.

ಚಿಕ್ಕ ಚಿತ್ರ. ಕಪ್ಪಿನ ನಡುವೆ, ವಸಡಿನ ಒಳಗೆ, ಭತ್ತದ ಕಾಳಿಗಿಂತ ಸ್ವಲ್ಪ ದೊಡ್ಡ ಬಿಳಿ ತುಂಡು.

“ಇಲ್ಲೇ ಇದೆ” ಎಂದರು ಡಾಕ್ಟರ್. “ಎಲ್ಲೂ ಹೋಗಿಲ್ಲ. ಮೇಲಕ್ಕೆ ನುಗ್ಗಿದೆ.”

ಥೊಂಗ್ವಾನಜ್ಜಿ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳ ಮುಖ ಕುಗ್ಗಿತು.

“ಮೇಲಿನ ಹಲ್ಲು ಮೇಲಕ್ಕೆ ಹೋಗಿದೆ. ತಪ್ಪು ದಾರಿ. ಕಿತ್ತುಬಿಡಿ ಡಾಕ್ಟರಮ್ಮ, ನಾನು ಮನೆ ಕೆಳಗೆ ಹಾಕ್ತೀನಿ.”

“ಕೀಳಲ್ಲ ಅಜ್ಜಿ.”

“ಒಳಗೇ ಕೊಳೀಲಿ ಅಂತೀರಾ?”

ಡಾಕ್ಟರ್ ಚಿತ್ರದಲ್ಲಿ ಬೆರಳಿಟ್ಟರು. “ಇದರ ಹಿಂದೆ, ಇಲ್ಲಿ, ಮಬ್ಬಾಗಿ ಕಾಣುತ್ತಲ್ಲ, ಅದು ಮುಂದೆ ಬರೋ ದೊಡ್ಡ ಹಲ್ಲಿನ ಮೊಳಕೆ. ಎಳನೀರಿನ ಗಂಜಿಯಷ್ಟು ಮೆತ್ತಗಿರುತ್ತೆ. ನಾವು ಈಗ ಇಕ್ಕಳ ಹಾಕಿ ಕೆದಕಿದ್ರೆ ಅದಕ್ಕೆ ಪೆಟ್ಟಾಗಬಹುದು. ಹೀಗೆ ಒಳಗೆ ನುಗ್ಗಿದ ಹಾಲುಹಲ್ಲು ಬಹಳಷ್ಟು ಸಲ ತಾನಾಗೇ ಕೆಳಗೆ ಇಳಿದು ಬರುತ್ತೆ. ಕೆಲವು ತಿಂಗಳು ಬೇಕು. ಕೆಲವಕ್ಕೆ ಒಂದು ವರ್ಷಾನೂ ಹಿಡಿಯುತ್ತೆ. ಬರಲಿಲ್ಲ ಅಂದ್ರೆ, ಇಲ್ಲಾ ಕೀವು ಆಯ್ತು ಅಂದ್ರೆ, ಆಗ ಏನು ಮಾಡ್ಬೇಕೋ ನೋಡೋಣ.”

“ಔಷಧಿ?”

“ಕಾಯೋದೇ ಔಷಧಿ. ಕಾಯೋವಾಗ ಬಾಯಿ ಚೊಕ್ಕಟವಾಗಿರ್ಬೇಕು.”

ಖಾಮ್‌ಫಾನ್ ಬಾಗಿಲಲ್ಲಿ ನಿಂತಿದ್ದ. “ಡಾಕ್ಟರಮ್ಮ, ತಪ್ಪು ತಿಳೀಬೇಡಿ. ಹೇಗಿದ್ರೂ ಬೀಳೋ ಹಲ್ಲಿಗೆ ಇಷ್ಟೆಲ್ಲ ಯಾಕೆ?”

“ನಿಮ್ಮ ಮಗಳಿಗೆ ಎಷ್ಟು?”

“ಎರಡು ತುಂಬಿದೆ.”

“ಈ ಹಲ್ಲು ಬೀಳಬೇಕಾಗಿರೋದು ಆರು, ಏಳು ವರ್ಷಕ್ಕೆ. ಅಲ್ಲೀವರೆಗೂ ಕಚ್ಚೋದು ಇದರಲ್ಲೇ, ಮಾತು ಕಲಿಯೋದು ಇದರಲ್ಲೇ. ಅದಕ್ಕಿಂತ ಹೆಚ್ಚಾಗಿ, ಇದಕ್ಕೆ ಬಿದ್ದ ಪೆಟ್ಟು ಹಿಂದಿರೋ ಹಲ್ಲಿಗೂ ತಗುಲಿರಬಹುದು. ಅದಕ್ಕೇ ನಾವು ನೋಡ್ತಾ ಇರ್ಬೇಕು.”

ಅವನು ತಲೆಯಾಡಿಸಿದ. ಆಮೇಲೆ ಕೇಳಿದ: “ನಿಜವಾಗೂ ಉದುರಿ ಕೈಗೆ ಸಿಕ್ಕಿದ್ರೆ ಮತ್ತೆ ಒತ್ತಿ ಕೂರಿಸ್ಬಹುದಿತ್ತಾ?”

“ಹಾಲುಹಲ್ಲನ್ನ ಕೂರಿಸಬಾರದು. ಮೊಳಕೆಗೆ ಚುಚ್ಚುತ್ತೆ. ಸಿಕ್ಕಿದ್ದನ್ನ ತಂದು ನಮಗೆ ತೋರಿಸಿ, ಆಮೇಲೆ ಅಜ್ಜಿ ಎಲ್ಲಿ ಬೇಕಾದ್ರೂ ಎಸೀಲಿ. ಆದ್ರೆ ದೊಡ್ಡ ಮಕ್ಕಳಿಗೆ ಬಂದಿರೋ ಹೊಸ ಹಲ್ಲು ಬಿದ್ರೆ ಮಾತ್ರ ಎಸೀಬೇಡಿ. ಬೇರು ಮುಟ್ಟದೆ, ಉಜ್ಜದೆ, ಬಿಳೀ ಕಡೆ ಹಿಡಿದು ಎತ್ತಿ. ಮಣ್ಣಾಗಿದ್ರೆ ಒಂದು ಸಲ ಹಾಲಲ್ಲೋ ನೀರಲ್ಲೋ ಅದ್ದಿ, ಅದೇ ಜಾಗಕ್ಕೆ ಕೂರಿಸಿ. ಕೂರಿಸೋಕೆ ಧೈರ್ಯ ಇಲ್ಲದಿದ್ರೆ ಹಾಲಲ್ಲಿ ಹಾಕ್ಕೊಂಡು ಓಡಿ ಬನ್ನಿ. ಅದಕ್ಕೆ ಗಳಿಗೆ ಗಳಿಗೇನೂ ಲೆಕ್ಕ.”

ಮನೆಗೆ ಕಳುಹಿಸುವ ಮೊದಲು ಡಾಕ್ಟರ್ ಮಗುವಿನ ಲಸಿಕೆಯ ಚೀಟಿ ನೋಡಿದರು, ಧನುರ್ವಾಯುವಿನದು ಆಗಿದೆ ಎಂದರು. ಒಂದೆರಡು ವಾರ ಮೆತ್ತಗಿನ ಊಟ. ಗಂಜಿ, ಬಾಳೆಹಣ್ಣು, ಮೊಟ್ಟೆಯಾದರೆ ಹಿಚುಕಿ. ಜೋಳದ ತೆನೆ, ಕಬ್ಬು ಬೇಡ. ಸಿಹಿಹಾಲಿನ ಬಾಟಲಿ ಕಚ್ಚಿಕೊಂಡು ಮಲಗುವುದು ಬೇಡ. ಉಂಡ ಮೇಲೆ ಮೆತ್ತನೆ ಬ್ರಷ್. ಗಾಯದ ಹತ್ತಿರ ಒದ್ದೆ ಹತ್ತಿ, ಅದಕ್ಕೆ ಇದೋ ಈ ನೀರುಔಷಧಿ, ಒಂದು ವಾರ. ಅಲ್ಲಾಡುವ ಹಲ್ಲನ್ನು ಯಾರೂ ಅಲ್ಲಾಡಿಸಿ ನೋಡಬಾರದು, ಅದು ತಾನಾಗಿ ಗಟ್ಟಿಯಾಗುತ್ತದೆ. ಎಲೆಅಡಿಕೆ, ಸುಣ್ಣ, ಹೊಗೆಸೊಪ್ಪು ಹಚ್ಚಬಾರದು. ಇದನ್ನು ಹೇಳುವಾಗ ಅವರು ಅಜ್ಜಿಯ ಕಡೆ ನೋಡಲಿಲ್ಲ. ಸೆಂಗ್‌ದಾವ್ ನೋಡಿದಳು.

“ಹಲ್ಲಿನ ಬಣ್ಣ ಬೂದಿ ಆಗಬಹುದು. ಬರೀ ಬಣ್ಣಕ್ಕೆ ಹೆದರಬೇಡಿ. ವಸಡಿನ ಮೇಲೆ ಗುಳ್ಳೆ ಎದ್ದರೆ, ಕೀವು ಬಂದರೆ, ಜ್ವರ ಬಂದರೆ ತಡಮಾಡದೆ ಬನ್ನಿ. ಏನೂ ಇಲ್ಲದಿದ್ರೂ ಮುಂದಿನ ವಾರ ಬನ್ನಿ.”

ಆಮೇಲೆ ಕಾಯುವ ಕೆಲಸ. ಅದು ನೇಯುವುದಕ್ಕಿಂತ ಕಷ್ಟದ್ದು. ನೇಯುವಾಗ ಸಂಜೆಗೆ ಒಂದು ಗೇಣಾದರೂ ಕಣ್ಣಿಗೆ ಕಾಣುತ್ತದೆ.

ಥೊಂಗ್ವಾನಜ್ಜಿ ದಿನಾ ಬೆಳಿಗ್ಗೆ ಮೊಮ್ಮಗಳ ತುಟಿ ಎತ್ತಿ ನೋಡುತ್ತಿದ್ದಳು. ಊತ ಇಳಿಯಿತು. ಎಡಗಡೆಯ ಹಲ್ಲು ಗಟ್ಟಿಯಾಯಿತು. ಬಲಗಡೆ ಮಾತ್ರ ಬರೀ ವಸಡು.

“ಬೇರೆಯವರು ಸಸಿಮಡಿ ನೋಡ್ತಾರೆ, ನೀನು ಮೊಮ್ಮಗಳ ಬಾಯಿ ನೋಡ್ತೀಯ” ಎಂದಳು ಪಕ್ಕದ ಮನೆಯವಳು. “ಸೂಜಿ ಕಾಯಿಸಿ ಸ್ವಲ್ಪ ಬಿಡಿಸ್ಕೊಟ್ಟರೆ ದಾರಿ ಸಿಗುತ್ತೆ. ನಮ್ಮತ್ತೆ ಹಾಗೇ ಮಾಡ್ತಿದ್ರು.”

“ನಿಮ್ಮತ್ತೆ ಮಾಡಿದ್ದಕ್ಕೇ ನಿನ್ನ ಗಂಡನ ಹಲ್ಲು ಪಕ್ಕದ ಊರು ನೋಡ್ತಾ ಇರೋದು” ಎಂದಳು ಅಜ್ಜಿ. ಸೂಜಿಯ ಮಾತು ಅಲ್ಲಿಗೆ ನಿಂತಿತು.

ಆದರೂ ಒಳಗೆ ಭಯವಿತ್ತು. ಎಡಗಡೆಯ ಹಲ್ಲು ನಿಧಾನಕ್ಕೆ ಬೂದಿಬಣ್ಣಕ್ಕೆ ತಿರುಗಿದಾಗ ಅಜ್ಜಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಡಾಕ್ಟರ್ ಹೇಳಿದ್ದು ನೆನಪಿತ್ತು. ಕೇಳಿದ ಮಾತು ಬೇರೆ, ಕಣ್ಣೆದುರಿಗೆ ಕಂಡದ್ದು ಬೇರೆ. ಬುವಾಲೊಯ್ ಬಂದು ವಸಡು ನೋಡಿದಳು. ಗುಳ್ಳೆ ಇರಲಿಲ್ಲ. ಆದರೂ ಹೇಳಿದ ದಿನಕ್ಕೆ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಂದರು. ಹಾಗೇ ಇರಲಿ ಎಂದರು ಡಾಕ್ಟರ್.

ಮಳೆ ಬಂತು. ಹೊಳೆ ಕೆಂಪಾಗಿ ತುಂಬಿ, ಮತ್ತೆ ಇಳಿಯಿತು. ಒಂದು ಬೆಳಿಗ್ಗೆ ಸೆಂಗ್‌ದಾವ್ ಮಗುವಿನ ಹಲ್ಲು ಉಜ್ಜುತ್ತಿದ್ದಾಗ, ಬಲಗಡೆ ಬ್ರಷ್ ಏನನ್ನೋ ತಾಗಿತು. ತುಟಿ ಎತ್ತಿದಳು. ವಸಡಿನ ಅಂಚಿನಲ್ಲಿ ಬಿಳಿಯ ಗೆರೆಯೊಂದು ಎದ್ದಿತ್ತು, ಅಕ್ಕಿ ನುಚ್ಚಿನಷ್ಟು. ಅವಳು ತಾಯಿಯನ್ನು ಕೈಸನ್ನೆ ಮಾಡಿ ಕರೆದಳು. ಥೊಂಗ್ವಾನಜ್ಜಿ ಬಂದು ನೋಡಿದಳು. ಮುಟ್ಟಲಿಲ್ಲ. ಇಬ್ಬರೂ ಮಗುವಿನ ಎರಡು ಪಕ್ಕ ಹಾಗೇ ಕೂತರು. ಮಗುವಿಗೆ ಬೇಸರವಾಗಿ ಎದ್ದು ಓಡಿತು.

ಮುಂದಿನ ಸುಗ್ಗಿಯ ಹೊತ್ತಿಗೆ ಹಲ್ಲು ಪಕ್ಕದ್ದರ ಸಮಕ್ಕೆ ಬಂದಿತ್ತು. ಸ್ವಲ್ಪ ಸೊಟ್ಟ, ಅಷ್ಟೆ. ವರ್ಷದ ತಪಾಸಣೆಗೆ ಮನೆಯವರೆಲ್ಲ ಹೊಳೆ ದಾಟಿದರು. ಡಾಕ್ಟರ್ ಮಣಿವನ್ ನೋಡಿ, ಚೆನ್ನಾಗಿದೆ ಎಂದರು.

“ಹಿಂದಿರೋ ಮೊಳಕೆ?” ಎಂದಳು ಅಜ್ಜಿ.

“ಅದು ಬಂದಾಗಲೇ ಗೊತ್ತಾಗೋದು ಅಜ್ಜಿ. ಅದರ ಮೇಲೆ ಒಂದು ಕಲೆ ಇರಬಹುದು, ಬರೋದು ತಡ ಆಗಬಹುದು, ಏನೂ ಆಗದೆ ಚೆನ್ನಾಗೇ ಬರಬಹುದು. ನಾನು ಈಗಲೇ ಭಾಷೆ ಕೊಡೋದಕ್ಕೆ ಆಗಲ್ಲ. ಆರು ವರ್ಷ ತುಂಬಿದಾಗ ತಪ್ಪದೆ ಕರ್ಕೊಂಡು ಬನ್ನಿ.”

ಥೊಂಗ್ವಾನಜ್ಜಿ ಅಲ್ಲಿಯವರೆಗಿನ ವರ್ಷಗಳನ್ನು ಎಣಿಸಲು ಹೋಗಿ ನಿಲ್ಲಿಸಿದಳು. ಅಳಿಯನ ಕಡೆ ತಿರುಗಿದಳು.

“ಕೇಳಿಸ್ತಾ ಅಳಿಯ?”

“ಕೇಳಿಸ್ತು ಅತ್ತೆ.”

“ಅಷ್ಟೊತ್ತಿಗೆ ನಾನಿರ್ತೀನೋ ಇಲ್ವೋ. ನಾನಿಲ್ಲ ಅಂತ ಸುಮ್ಮನಾಗಬೇಡ. ದೋಣಿ ನಿನ್ನದೇ.”

ಖಾಮ್‌ಫಾನ್ ಮಗಳನ್ನು ಎತ್ತಿಕೊಂಡು, “ಆರು ತುಂ‌ಬಿದ ದಿನಾನೇ ಕರ್ಕೊಂಡು ಬರ್ತೀನಿ” ಎಂದ.

ಇದನ್ನು ಓದುತ್ತಿರುವ ತಾಯಂದಿರೇ, ಅಪ್ಪಂದಿರೇ, ಅಜ್ಜಿಯರೇ, ನಿಮ್ಮ ಮನೆಯಲ್ಲೂ ಓಡುವ ಮಗು ಇದ್ದೀತು. ಅದು ಬಿದ್ದು ಬಾಯಿಗೆ ಪೆಟ್ಟಾದರೆ ತಣ್ಣೀರಿನಲ್ಲಿ ತೊಳೆಯಿರಿ, ಶುಚಿಯಾದ ಬಟ್ಟೆ ಒತ್ತಿ ಹಿಡಿಯಿರಿ, ತುಟಿ ಎತ್ತಿ ಹಲ್ಲುಗಳನ್ನು ನೋಡಿ. ವಾಂತಿ, ಮಂಪರು, ಕೆಮ್ಮು, ಉಸಿರಾಟದ ತೊಂದರೆ ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಹಾಲುಹಲ್ಲು ಉದುರಿದ್ದರೆ ಮತ್ತೆ ಒತ್ತಿ ಕೂರಿಸಬೇಡಿ. ಒಳಗೆ ಹೋಗಿದ್ದರೆ ಕೆದಕಬೇಡಿ, ಏನನ್ನೂ ಹಚ್ಚಬೇಡಿ. ಅಲ್ಲಾಡಿದರೂ, ಸೊಟ್ಟಗಾದರೂ, ಏನೂ ಆಗಿಲ್ಲ ಎನಿಸಿದರೂ ಒಂದು ಸಲ ಹಲ್ಲಿನ ಡಾಕ್ಟರಿಗೆ ತೋರಿಸಿ, ಬನ್ನಿ ಎಂದ ದಿನಕ್ಕೆ ಮತ್ತೆ ಹೋಗಿ.

ಹರಕೆ ಹೊರುವವರು ಹೊರಿ, ದಾರ ಕಟ್ಟುವವರು ಕಟ್ಟಿ. ಹಲ್ಲನ್ನು ಮಾಡಿನ ಮೇಲೆ ಎಸೆಯುವ ವಾಡಿಕೆ ನಿಮ್ಮದಾದರೆ ಎಸೆಯಿರಿ. ಎಸೆಯುವ ಮೊದಲು ಅದು ನಿಮ್ಮ ಅಂಗೈಯಲ್ಲಿ ಇದೆಯೇ ನೋಡಿಕೊಳ್ಳಿ. ಅಂಗೈಯಲ್ಲಿ ಇಲ್ಲದಿದ್ದರೆ, ಮಗುವನ್ನು ಎತ್ತಿಕೊಂಡು ಹೊರಡಿ.